ದಾರಿಬದಿಯ ಶಿಲುಬೆಯ ಮುಂದೆ ನಿಲ್ಲುವ ಬಗ್ಗೆ

ಸಂಖ್ಯೆ: ದಾಶಿಸಂ/ನಿಲುಗಡೆ/17/2025
ದಾರಿಬದಿ ಶಿಲುಬೆ ಸಂರಕ್ಷಣಾ ಇಲಾಖೆ, ಮಾನ್ಮತ್ ಜಂಕ್ಷನ್, ನ್ಯೂಜೆರ್ಸಿ

ವಿಷಯ: ಮಧ್ಯಯುಗದ ಕಲ್ಲು ಶಿಲುಬೆಗೆ ಕುಂಕುಮ ಹಚ್ಚುವುದು ಹಾಗೂ ಅದರ ಮುಂದೆ ನಿಂತುಕೊಳ್ಳುವುದರ ಕುರಿತು.

ಉಲ್ಲೇಖ: ಶ್ರೀಮತಿ ವೀರಬಸಮ್ಮ ಅವರ ಮೌಖಿಕ ಹೇಳಿಕೆ.

ಯುರೋಪಿನ ಯಾವುದೋ ದಾರಿಯಲ್ಲಿ ಆರುನೂರು ವರ್ಷ ನಿಂತು, ಹಡಗಿನಲ್ಲಿ ಬಂದು, ಈಗ ಇಲ್ಲಿನ ವಾಕಿಂಗ್ ಟ್ರೇಲ್ ಪಕ್ಕ ನಿಂತಿರುವ ಶಿಲುಬೆಯು ಸಂರಕ್ಷಿತ ಸ್ಮಾರಕವಾಗಿರುತ್ತದೆ. ಅದರ ಮೇಲೆ ಪ್ರತಿ ಮಂಗಳವಾರ ಕುಂಕುಮ ಕಂಡುಬಂದ ಮೇರೆಗೆ ವಿಚಾರಣೆ ನಡೆಸಲಾಯಿತು. ಹುನಗುಂದದಿಂದ ಬಂದು ಮಗಳ ಮನೆಯಲ್ಲಿ ನೆಲೆಸಿರುವ ಶ್ರೀಮತಿ ವೀರಬಸಮ್ಮ (72) ಅವರು, “ಹಾದ್ಯಾಗಿನ ಕಲ್ಲು ಅಂದ್ರ ಹಾದಿ ಕಾಯೋ ದೇವರು ಅಲ್ಲೇನೋ ತಮ್ಮಾ? ಬರೇ ಹಣಿಲೆ ನಿಂತಿತ್ತು. ನೋಡಾಕ ಆಗಲಿಲ್ಲ, ಹಚ್ಚೀನಿ” ಎಂದು ತಪ್ಪೊಪ್ಪಿಕೊಂಡಿರುತ್ತಾರೆ. ಅಂದಿನಿಂದ ಜಾರಿಯಲ್ಲಿರುವ ನಿಯಮಗಳನ್ನು ಮತ್ತೊಮ್ಮೆ ಎಲ್ಲರ ಗಮನಕ್ಕೆ ತರಲಾಗಿದೆ:

1. ಕುಂಕುಮ, ಅರಿಶಿನ, ಎಣ್ಣೆಗಳನ್ನು ನಿಷೇಧಿಸಲಾಗಿದೆ. ಎಣ್ಣೆಯನ್ನು ಕಲ್ಲು ಕುಡಿಯುತ್ತದೆ, ಕುಡಿದದ್ದನ್ನು ಮರಳಿಸುವುದಿಲ್ಲ.

2. ಕಾಯಿ ಒಡೆಯತಕ್ಕದ್ದಲ್ಲ. ಈಗಾಗಲೇ ಒಡೆದ ಕಾಯಿಯನ್ನು ಅಳಿಲುಗಳು ಸ್ವಾಧೀನಪಡಿಸಿಕೊಂಡಿದ್ದು, ಅವುಗಳಿಗೆ ಇಂಗ್ಲಿಷಿನಲ್ಲಿ ಪ್ರತ್ಯೇಕ ನೋಟಿಸ್ ನೀಡಲಾಗಿದೆ.

3. ಹೆಜ್ಜೆ ಎಣಿಸುವ ವಾಚ್ ಕಟ್ಟಿದವರು ಶಿಲುಬೆಯನ್ನು ಸುತ್ತಿದಲ್ಲಿ ಅದನ್ನು ವ್ಯಾಯಾಮವೆಂದೂ, ಕಟ್ಟದವರು ಸುತ್ತಿದಲ್ಲಿ ಪ್ರದಕ್ಷಿಣೆಯೆಂದೂ ಪರಿಗಣಿಸಲಾಗುವುದು.

4. ಶಿಲುಬೆಯ ಮುಂದೆ ಎರಡು ನಿಮಿಷಕ್ಕೆ ಮೀರಿ ಮೌನವಾಗಿರುವವರು ಕಾರಣವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.

5. ಈ ಕಾರಣಗಳನ್ನು ಓದಲು ಸಿಬ್ಬಂದಿ ಇಲ್ಲದ ಕಾರಣ, ನಿಲ್ಲುವುದನ್ನೇ ನಿಷೇಧಿಸಲಾಗಿದೆ. ಶ್ರೀಮತಿಯವರು ಇದನ್ನು ಪಾಲಿಸುತ್ತಿದ್ದು, ನಡೆಯುತ್ತಲೇ “ಬರ್ತೀನಪಾ, ನಿಲ್ಲಾಕ ಬಿಡವಲ್ರು” ಎಂದು ಶಿಲುಬೆಗೆ ಹೇಳಿ ಹೋಗುತ್ತಿರುವುದು ವರದಿಯಾಗಿದೆ.

6. ಆದರೆ ಸ್ಮಾರಕಗಳ ವರ್ಗೀಕರಣದಂತೆ, ದಾರಿಹೋಕರು ನಿಂತರೆ ಮಾತ್ರ ಅದು ದಾರಿಬದಿಯ ಶಿಲುಬೆ, ಇಲ್ಲವಾದಲ್ಲಿ ಕಲ್ಲು. ಕಳೆದ ವರ್ಷ ನಿಂತವರ ಸಂಖ್ಯೆ ಒಂದು. ಈ ವರ್ಷ ಸೊನ್ನೆ. ಕಲ್ಲನ್ನು ಗೋದಾಮಿಗೆ ಸಾಗಿಸಿ ಇಲಾಖೆಯನ್ನು ಮುಚ್ಚುವಂತೆ ಮೇಲಿನಿಂದ ಪತ್ರ ಬಂದಿದ್ದು, ನಾಳೆ ತಪಾಸಣೆ ಇರುತ್ತದೆ.

7. ಆದಕಾರಣ ಕಲಂ 4 ಮತ್ತು 5ನ್ನು ತಕ್ಷಣದಿಂದ ರದ್ದುಪಡಿಸಲಾಗಿದೆ. ಶ್ರೀಮತಿ ವೀರಬಸಮ್ಮನವರು ನಾಳೆ ಬೆಳಿಗ್ಗೆ ತಪ್ಪದೆ ಬಂದು, ಮನಸ್ಸು ತುಂಬುವಷ್ಟು ಹೊತ್ತು ನಿಲ್ಲುವಂತೆ ಇಲಾಖೆಯು ಕೈಮುಗಿದು ಆದೇಶಿಸಿದೆ.

8. ಕಲಂ 1 ಜಾರಿಯಲ್ಲಿಯೇ ಇರುವುದರಿಂದ, ಕುಂಕುಮವನ್ನು ಕಲ್ಲಿನ ಪರವಾಗಿ ಸಂರಕ್ಷಣಾಧಿಕಾರಿಯ ಹಣೆಗೆ ಹಚ್ಚತಕ್ಕದ್ದು. ಅಧಿಕಾರಿಯು ಅಲುಗಾಡದೆ ಇರತಕ್ಕದ್ದು.

(ಸಹಿ)
ಬದರಿ
ಸಂರಕ್ಷಣಾಧಿಕಾರಿ (ತಾತ್ಕಾಲಿಕ)

ಪ್ರತಿಗಳು:
1. ಶ್ರೀಮತಿ ವೀರಬಸಮ್ಮ ಅವರಿಗೆ, ಖುದ್ದಾಗಿ, ಚಪ್ಪಲಿ ಹೊರಗೆ ಬಿಟ್ಟು.
2. ತಪಾಸಣಾ ತಂಡಕ್ಕೆ. ಆಕೆ ನಿಂತಿರುವಾಗ ಮಾತನಾಡಿಸಬಾರದು.
3. ಶಿಲುಬೆಗೆ. ಸ್ಥಳದಲ್ಲಿ ನಿಂತು ಓದಿ ಹೇಳಲಾಗಿದೆ. ಓದುತ್ತಾ ಅಧಿಕಾರಿಯು ನಲವತ್ತು ನಿಮಿಷ ನಿಂತಿದ್ದು, ನೌಕರರು ದಾರಿಹೋಕರಲ್ಲದ ಕಾರಣ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.