ಬಾಲದೊಳಗಿನ ತಂತಿ

ತಪ್ಪು ಮಾಡಿದ ಕೂಡಲೇ "ಅಯ್ಯೋ, ನನ್ನಿಂದ ಹೀಗಾಯಿತು" ಎಂದು ಒಪ್ಪಿಕೊಂಡುಬಿಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ಕೆಲಸ ಎಷ್ಟು ಬೇಗ ಮುಗಿಯುತ್ತದೆ! ಎರಡು ನಿಮಿಷ ಬೈಸಿಕೊಂಡು ಮೂರನೆಯ ನಿಮಿಷಕ್ಕೆ ಕಾಫಿ ಕುಡಿಯುತ್ತ ಕೂರುತ್ತಾರೆ. ನನ್ನದು ಹಾಗಲ್ಲ. ನನ್ನ ಕೈಯಲ್ಲಿ ಪಿಂಗಾಣಿ ಕಪ್ಪಿನ ಹಿಡಿ ಮುರಿದರೆ, ಆ ಹಿಡಿಯನ್ನು ಕಪ್ಪಿಗೆ ಮೆಲ್ಲನೆ ಒರಗಿಸಿ, ಮುರಿದದ್ದು ಕಾಣದ ಹಾಗೆ ತಿರುಗಿಸಿ ಕಪಾಟಿನಲ್ಲಿಟ್ಟು, ಮುಂದೆ ಅದನ್ನು ಯಾರು ಮುಟ್ಟುತ್ತಾರೋ ಅವರಿಗಾಗಿ ಕಾಯುತ್ತೇನೆ. ಅಡಿಗೆಮನೆಯಲ್ಲಿ ಪಾತ್ರೆ ಸದ್ದಾದಾಗಲೆಲ್ಲ ಕಿವಿ ನೆಟ್ಟಗಾಗುತ್ತದೆ. ಊಟ ಸೇರುವುದಿಲ್ಲ. ಬೈಸಿಕೊಂಡಿದ್ದರೆ ಇದರ ಕಾಲು ಭಾಗದಷ್ಟೂ ಕಷ್ಟವಾಗುತ್ತಿರಲಿಲ್ಲ ಎಂದು ಗೊತ್ತಿದ್ದೂ ಬಾಯಿ ಬಿಡುವುದಿಲ್ಲ. ನನ್ನ ಹೆಂಡತಿ ಶಶಿಕಲಾ ಈ ರೋಗವನ್ನು ಚೆನ್ನಾಗಿ ಬಲ್ಲಳು. "ಬೇರೆಯವರು ಎಂತಾದ್ರೂ ಒಡೆದ್ರೆ ಶಬ್ದ ಕೇಳ್ತದೆ. ನೀವು ಒಡೆದ್ರೆ ಶಬ್ದವೇ ಇಲ್ಲ. ಜಗಲಿಯಲ್ಲಿ ಒಬ್ರು ಪೇಪರ್ ತಲೆಕೆಳಗೆ ಹಿಡ್ಕೊಂಡು ಕೂತಿರ್ತಾರೆ, ಅಷ್ಟೇ" ಎನ್ನುತ್ತಾಳೆ.

ಕಪ್ಪು ಬಸಿಗಳ ಮಟ್ಟದಲ್ಲಿದ್ದ ಈ ನನ್ನ ಸಾಧನೆ ಹೋದ ವರ್ಷ ವಿಮಾನದ ಮಟ್ಟಕ್ಕೇರಿತು. ಹೆದರಬೇಡಿ, ಜನ ಕೂರುವ ವಿಮಾನವಲ್ಲ. ಆಳುದ್ದದ ರೆಕ್ಕೆಯ, ನೆಲದ ಮೇಲೆ ನಿಂತು ರಿಮೋಟಿನಿಂದ ಹಾರಿಸುವ ಮಾದರಿ ವಿಮಾನ. ಅದರ ಒಡೆಯರು ಜೆಪ್ಪುವಿನ ಉಮ್ಮರಾಕ. ಗಲ್ಫಿನಲ್ಲಿ ಇಪ್ಪತ್ತೆಂಟು ವರ್ಷ ಏರ್‌ಕಂಡೀಷನ್ ಪೈಪು ಜೋಡಿಸಿ, ಶುಕ್ರವಾರ ಶುಕ್ರವಾರ ಮರುಭೂಮಿಯಲ್ಲಿ ಇಂಥ ವಿಮಾನ ಹಾರಿಸಲು ಕಲಿತು, ಅರುವತ್ತು ತುಂಬಿದ ಮೇಲೆ ಊರಿಗೆ ಬಂದವರು. ಬರುವಾಗ ಬೇರೆಯವರು ಚಿನ್ನವನ್ನೋ ಕಂಬಳಿಯನ್ನೋ ತಂದರೆ, ಇವರು ಎರಡು ಪೆಟ್ಟಿಗೆ ಬಾಲ್ಸಾ ಮರದ ಹಲಗೆ ತಂದರು. ಬಾಲ್ಸಾ ಎಂದರೆ ಹಪ್ಪಳದಷ್ಟು ಹಗುರದ ಮರ. "ಹಪ್ಪಳವಾದ್ರೆ ಕರಿದು ತಿನ್ಲಿಕ್ಕಾದ್ರೂ ಆಗ್ತಿತ್ತು" ಎಂದು ಅವರ ಹೆಂಡತಿ ಖತೀಜಮ್ಮ ಆಗಾಗ ಹೇಳುವುದುಂಟು.

ಇಂಥವರ ಸಹವಾಸಕ್ಕೆ ನಾನು ಹೇಗೆ ಬಿದ್ದೆ ಎಂದರೆ, ನಾನು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವನು. ಫಿಸಿಕ್ಸ್ ಕಲಿಸುವವನಿಗೆ ವಿಮಾನದ ವಿಷಯ ಗೊತ್ತಿರುತ್ತದೆ ಎಂದು ಉಮ್ಮರಾಕ ನಂಬಿದರು. ಹಾಗೆಲ್ಲ ಇಲ್ಲ ಎಂದು ಹೇಳಬೇಕಾದವನು ನಾನು. ಆದರೆ "ಮಾಷ್ಟ್ರೆ, ನಿಮ್ಮಂಥವರು ಜೊತೆಗಿದ್ರೆ ಧೈರ್ಯ" ಎಂದು ಒಬ್ಬರು ಹೇಳುವಾಗ ಯಾರಿಗೆ ತಾನೇ ಇಲ್ಲವೆನ್ನಲು ಮನಸ್ಸು ಬರುತ್ತದೆ? ಎಂಟು ತಿಂಗಳು ಕೂತು ಅವರು ಹೊಸ ವಿಮಾನ ಕಟ್ಟಿದರು. ಕೊನೆಗೆ ಬಾಲದ ಕೆಲಸವೊಂದು ಉಳಿದಾಗ ಅದನ್ನು ನಾನೇ ಮಾಡಿಕೊಡುತ್ತೇನೆ ಎಂದು ನಾನಾಗಿಯೇ ಕೇಳಿ ಮನೆಗೆ ಒಯ್ದೆ. ಯಾರೂ ಒತ್ತಾಯ ಮಾಡಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಬಾಲದ ಕೆಲಸವೇನು ಎಂದು ಸ್ವಲ್ಪ ವಿವರಿಸುತ್ತೇನೆ. ವಿಮಾನದ ಬಾಲಕ್ಕೆ ಎಡಕ್ಕೊಂದು ಬಲಕ್ಕೊಂದು ಚಿಕ್ಕ ರೆಕ್ಕೆಗಳಿರುತ್ತವೆ. ಅವುಗಳ ಹಿಂದಿನ ಅಂಚಿನಲ್ಲಿ ಬಾಗಿಲಿನಂತೆ ಮೇಲೆ ಕೆಳಗೆ ಆಡುವ ಎರಡು ಪಟ್ಟಿಗಳು. ಇವಕ್ಕೆ ಎಲಿವೇಟರ್ ಎಂದು ಹೆಸರು. ಪಟ್ಟಿ ಮೇಲೆದ್ದರೆ ವಿಮಾನ ಮೂತಿ ಎತ್ತುತ್ತದೆ, ಕೆಳಗಿಳಿದರೆ ಮೂತಿ ತಗ್ಗಿಸುತ್ತದೆ. ಎರಡೂ ಒಟ್ಟಿಗೇ ಏಳಬೇಕು, ಒಟ್ಟಿಗೇ ಇಳಿಯಬೇಕು. ಒಂದು ಎದ್ದು ಇನ್ನೊಂದು ಮಲಗಿದರೆ ವಿಮಾನ ಮಗ್ಗುಲು ಹೊರಳುತ್ತದೆ. ತೊಂದರೆ ಏನೆಂದರೆ, ಬೆಂಕಿಪೊಟ್ಟಣದಷ್ಟು ಮೋಟಾರು ಒಂದೇ. ಅದು ಎಳೆಯುವುದು ಎಡಗಡೆಯ ಪಟ್ಟಿಯನ್ನು ಮಾತ್ರ. ಬಲಗಡೆಯದಕ್ಕೆ ಆ ಆಜ್ಞೆ ತಲುಪುವುದು ನಡುವೆ ಅಡಗಿರುವ ಒಂದು ತಂತಿಯ ಮೂಲಕ. ಗಟ್ಟಿ ಸ್ಪ್ರಿಂಗ್ ಸ್ಟೀಲಿನ ತಂತಿಯನ್ನು ಚೌಕಟ್ಟಾಗಿ ಬಗ್ಗಿಸಿ, ಎರಡೂ ತುದಿಗಳನ್ನು ಎರಡು ಪಟ್ಟಿಗಳೊಳಗೆ ತೂರಿಸಿ ಅಂಟು ಹಾಕಬೇಕು. ಉಮ್ಮರಾಕ ಆ ತಂತಿಯನ್ನು ಗಲ್ಫಿನಿಂದಲೇ ತಂದಿದ್ದರು. "ಒಂದೇ ತುಂಡು ಉಂಟು ಮಾಷ್ಟ್ರೆ" ಎಂದು ಎರಡು ಸಲ ಹೇಳಿ ಕೊಟ್ಟರು.

ನಾನು ಆ ಒಂದೇ ತುಂಡನ್ನು ಮೇಜಿನ ವೈಸಿನ ಇಕ್ಕಳಕ್ಕೆ ಕಚ್ಚಿಸಿ ಬಗ್ಗಿಸಿದೆ. ಎರಡು ತೋಳುಗಳು ಒಂದೇ ಮಟ್ಟದಲ್ಲಿ ಬರಲಿಲ್ಲ. ಒಂದು ಆಕಾಶ ನೋಡುತ್ತಿತ್ತು, ಇನ್ನೊಂದು ನನ್ನನ್ನು. ಬಿಡಿಸಿ ಮತ್ತೆ ಬಗ್ಗಿಸಿದೆ. ಟಿಕ್ ಎಂದು ಮುರಿಯಿತು. ಆಗಲೇ ಫೋನು ಎತ್ತಿ "ಉಮ್ಮರಾಕ, ಮುರೀತು" ಎಂದಿದ್ದರೆ ಈ ಪ್ರಬಂಧ ಇಲ್ಲಿಗೆ ಮುಗಿಯುತ್ತಿತ್ತು. ನಾನು ಹಿತ್ತಿಲಿಗೆ ಹೋದೆ. ಅಲ್ಲಿ ಬಟ್ಟೆ ಒಣಗಿಸಲು ಕಟ್ಟಿ ಮಿಕ್ಕಿದ ತಂತಿಯ ಸುರುಳಿ ಇತ್ತು. ಒಂದು ಗೇಣು ಕತ್ತರಿಸಿ ಬಗ್ಗಿಸಿದೆ. ಆಹಾ, ಎಂಥ ವಿಧೇಯ ತಂತಿ! ಹೇಳಿದಲ್ಲಿಗೆ ಬಾಗಿತು. ನನ್ನ ಮಾತನ್ನು ಮನೆಯಲ್ಲಿ ಒಂದು ವಸ್ತುವಾದರೂ ಕೇಳಿತಲ್ಲ ಎಂಬ ಸಂತೋಷದಲ್ಲಿ, ನನ್ನ ಮಾತು ಕೇಳುವಂಥದ್ದು ಗಾಳಿಯ ಮಾತನ್ನೂ ಕೇಳೀತು ಎಂಬ ಯೋಚನೆ ಬರಲಿಲ್ಲ. ನಿಜ ಹೇಳುವುದಾದರೆ ಬಂದಿತ್ತು. ತಂತಿಯ ದಪ್ಪ ಅರ್ಧವಾದರೆ ತಿರುಚನ್ನು ತಡೆಯುವ ಅದರ ಶಕ್ತಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವವನು ನಾನು. ನನ್ನ ತಂತಿ ಅರ್ಧವಾಗಿರಲಿಲ್ಲ, ಸ್ವಲ್ಪ ತೆಳು, ಅಷ್ಟೇ ಎಂದು ಸಮಾಧಾನ ಹೇಳಿಕೊಂಡು, ಕಪ್ಪು ಬಣ್ಣ ಬಳಿದು, ಅಂಟು ಹಾಕಿದೆ.

ಮರುದಿನ ಆ ಬಾಲವನ್ನು ಟವೆಲಿನಲ್ಲಿ ಸುತ್ತಿ, ಬಾಣಂತಿ ಮನೆಗೆ ಕೂಸನ್ನು ಒಯ್ಯುವವನಂತೆ ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಹೊರಟೆ. ನಂತೂರಿನಲ್ಲಿ ಎರಡು ಲಾರಿಗಳ ನಡುವೆ ಸಿಕ್ಕಿಕೊಂಡಾಗ ರಿಕ್ಷಾದವನು ಹಿಂದೆ ತಿರುಗಿ, "ಪಾಪು ಅಳುದೇ ಇಲ್ಲ ಅಲ್ವಾ ಸರ್" ಎಂದ. ನಾನು ಹೂಂ ಎಂದೆ. ಅದು ಅಂದಿನ ಎರಡನೆಯ ಸುಳ್ಳು; ಮೊದಲನೆಯದು ಟವೆಲಿನೊಳಗಿತ್ತು.

ಉಮ್ಮರಾಕ ಬಾಲವನ್ನು ಜೋಡಿಸಿ, ರಿಮೋಟಿನ ಕಡ್ಡಿಯನ್ನು ಹಿಂದಕ್ಕೆಳೆದರು. ಎರಡೂ ಪಟ್ಟಿಗಳು ಒಟ್ಟಿಗೇ ಎದ್ದವು. ಮುಂದಕ್ಕೆ ತಳ್ಳಿದರು, ಒಟ್ಟಿಗೇ ಇಳಿದವು. ಸ್ಕೇಲಿಟ್ಟು ಅಳೆದರು. "ಒಂದು ಕೂದಲಿನಷ್ಟು ವ್ಯತ್ಯಾಸ ಇಲ್ಲ ಮಾರಾಯ್ರೆ! ನಂಗೆ ಇಪ್ಪತ್ತು ವರ್ಷದಲ್ಲಿ ಹೀಗೆ ಬರ್ಲಿಲ್ಲ" ಎಂದು ಖತೀಜಮ್ಮನನ್ನೂ ಕರೆದು ತೋರಿಸಿದರು. ಆಕೆ ಅಕ್ಕಿಯ ತೆಳು ರೊಟ್ಟಿ ಪತ್ತಿರ್, ಕೋಳಿ ಸಾರು ಬಡಿಸಿದರು. ನಾನು ಮೂರು ಸಲ ಹಾಕಿಸಿಕೊಂಡು ತಿಂದೆ. ಮೇಜಿನ ಮೇಲೆ ಗಾಳಿಯಿಲ್ಲ. ಅಲ್ಲಿ ಎಂಥ ತಂತಿಯೂ ಪ್ರಾಮಾಣಿಕವೇ.

ವಿಮಾನ ನಿಲ್ದಾಣವಿರುವ ಬಜಪೆಯ ಸುತ್ತಮುತ್ತ ನಾವು ಇಂಥದ್ದನ್ನು ಹಾರಿಸುವಂತಿಲ್ಲ, ಅಲ್ಲಿಯ ಆಕಾಶ ದೊಡ್ಡ ವಿಮಾನಗಳದ್ದು. ಹಾಗಾಗಿ ನೇತ್ರಾವತಿ ದಾಟಿ, ಬಹಳ ಒಳಗೆ, ನಮ್ಮ ಕಡೆ ಪದವು ಎನ್ನುವ ಒಂದು ಬೋಳು ಗುಡ್ಡದ ನೆತ್ತಿಗೆ ಹೋದೆವು. ಕೆಂಪು ಮುರಕಲ್ಲಿನ ವಿಶಾಲ ಬಯಲು; ಕಾಲಿಗೆ ಚುಚ್ಚುವ ಹುಲ್ಲು ಬಿಟ್ಟರೆ ಬೇರೇನೂ ಇಲ್ಲ. ವಿಮಾನ ಚೆಂದಕ್ಕೆ ಏರಿತು, ಎರಡು ಸುತ್ತು ಹಾಕಿತು. ಆಮೇಲೆ ಉಮ್ಮರಾಕ ಅದನ್ನು ಮೇಲಿಂದ ರಭಸವಾಗಿ ಇಳಿಸಿ, ಕೆಳಗೆ ಬಂದಾಗ ಮೂತಿ ಎತ್ತಲು ಕಡ್ಡಿ ಎಳೆದರು. ಎಡಗಡೆಯ ಪಟ್ಟಿ ಎದ್ದಿತು. ಬಲಗಡೆಯದು ಏಳಲಿಲ್ಲ. ವಿಮಾನ ಒಮ್ಮೆ ಮಗ್ಗುಲು ಮಗುಚಿ ಮುರಕಲ್ಲಿಗೆ ಬಡಿಯಿತು. ಎಂಟು ತಿಂಗಳ ಕೆಲಸ ಎಂಟು ಹೆಜ್ಜೆ ಜಾಗದಲ್ಲಿ ಹರಡಿಕೊಂಡಿತು.

ನಾನು ಮೊದಲು ಓಡಿದೆ. ಬಾಲವನ್ನೇ ಎತ್ತಿದೆ. ತಂತಿ ತಿರುಚಿಕೊಂಡದ್ದು ಕೈಗೇ ತಿಳಿಯಿತು. ಹಿಂದಿನಿಂದ ಉಮ್ಮರಾಕ ಮೆಲ್ಲ ಬಂದು, ಅವಶೇಷಗಳನ್ನು ನೋಡದೆ ತಮ್ಮ ಬಲಗೈಯನ್ನೇ ನೋಡುತ್ತ ನಿಂತರು.

"ಹೆಬ್ಬೆರಳು ನಡುಗಿತು ಮಾಷ್ಟ್ರೆ. ನಂಗೆ ಗೊತ್ತಾಯ್ತು."

ಈಗ ನಾನು ಹೇಳಿದ್ದನ್ನು ಬರೆಯಬೇಕು. ಇದನ್ನು ಬರೆಯದೆ ದಾಟಿಸಲು ಮೂರು ಸಲ ಪ್ರಯತ್ನಿಸಿ ಸೋತಿದ್ದೇನೆ. ನಾನು, "ವಯಸ್ಸಾಗ್ತದಲ್ಲ ಉಮ್ಮರಾಕ" ಎಂದೆ.

ಅವರು ಅದನ್ನು ನಂಬಿದರು. ಫಿಸಿಕ್ಸ್ ಮಾಷ್ಟ್ರು ಹೇಳಿದ್ದಲ್ಲವೇ! ಮರುವಾರ ರಿಮೋಟನ್ನು ಒಂದು ಚೀಲದಲ್ಲಿ ಹಾಕಿ ತಂದು, "ನಿಮ್ಮ ಕೈ ಸ್ಟಡಿ ಉಂಟು, ನೀವೇ ಕಲೀರಿ" ಎಂದು ನನಗೇ ಕೊಟ್ಟು ಹೋದರು. ಅದನ್ನು ಅಟ್ಟದ ಮೇಲಿಟ್ಟೆ. ಅಂದಿನಿಂದ ನಮ್ಮ ಅಟ್ಟದ ಕೆಳಗೆ ನಡೆಯುವಾಗ ತಲೆ ತಗ್ಗಿಸುವುದು ಅಭ್ಯಾಸವಾಯಿತು. ಆಮೇಲೆ ಅವರು ಸ್ಕೂಟರು ಓಡಿಸುವುದನ್ನು ನಿಲ್ಲಿಸಿದರು. ಗಡ್ಡ ಟ್ರಿಮ್ ಮಾಡಿಸಲು ಅಂಗಡಿಗೆ ಹೋಗತೊಡಗಿದರು. ನಾನು ಹೋದಾಗಲೆಲ್ಲ ಬೆರಳುಗಳನ್ನು ಮಡಿಚಿ ಮಡಿಲಲ್ಲಿಟ್ಟು ಕೂರುತ್ತಿದ್ದರು. ಖತೀಜಮ್ಮ ನನಗೆ ತುಂಬಿದ ಗ್ಲಾಸು ಚಹಾ, ಅವರಿಗೆ ಅರ್ಧ ಗ್ಲಾಸು ತಂದಿಡುತ್ತಿದ್ದರು. ಪ್ರತಿ ಸಲವೂ ಹೇಳಿಬಿಡುವುದೆಂದೇ ಹೋಗುತ್ತಿದ್ದೆ. ಒಮ್ಮೆ ಬಾಯಿ ತೆರೆದವನು "ಬಾದಾಮಿ ತಿನ್ನಿ, ನರಕ್ಕೆ ಒಳ್ಳೆಯದು" ಎಂದು ಬಂದೆ. ಇನ್ನೊಮ್ಮೆ ನರದ ಡಾಕ್ಟರರಲ್ಲಿಗೆ ಅವರನ್ನು ನಾನೇ ಕರೆದುಕೊಂಡು ಹೋದೆ! ಡಾಕ್ಟರು ಕೈ ಚಾಚಿಸಿ, ಬೆರಳ ಮೇಲೆ ಕಾಗದ ಇಟ್ಟು ನೋಡಿ, ಏನೂ ಇಲ್ಲ ಎಂದರು. ಪಕ್ಕದಲ್ಲಿ ಕೂತ ನನ್ನ ಕಾಲು ನಡುಗುತ್ತಿದ್ದುದನ್ನು ಕಂಡು "ಇವರಿಗೆ ಎಷ್ಟು ಸಮಯದಿಂದ ಉಂಟು?" ಎಂದು ಕೇಳಿದರು. ಹೊರಗೆ ಬಂದು ಉಮ್ಮರಾಕ ಹೇಳಿದ್ದು ಇಷ್ಟೇ: "ಡಾಕ್ಟ್ರಿಗೆ ಗೊತ್ತಾಗ್ಲಿಲ್ಲ. ವಿಮಾನಕ್ಕೆ ಗೊತ್ತಾಗಿದೆ."

ಆ ಮಾತು ಕೇಳಿದ ಮೇಲೆ ನನಗೆ ಕ್ಲಾಸಿನಲ್ಲಿ ನಿಲ್ಲುವುದೂ ಕಷ್ಟವಾಯಿತು. ಒಂದು ದಿನ ಶಶಿಕಲಾ ನನ್ನ ಕೈಯ ಪೇಪರನ್ನು ನೆಟ್ಟಗೆ ತಿರುಗಿಸಿ ಕೊಟ್ಟು, "ಈ ಸಲ ಒಡೆದದ್ದು ದೊಡ್ಡದೇ ಕಾಣ್ತದೆ. ಎರಡು ತಿಂಗಳಾಯ್ತು" ಎಂದಳು. ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಪಾಪ ಅವರು" ಎಂದಳು. ನಾನು ಆಗಲೇ ಜೆಪ್ಪುವಿಗೆ ಹೊರಟೆ.

ಮುರಿದ ವಿಮಾನದ ತುಂಡುಗಳನ್ನು ಉಮ್ಮರಾಕ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದರು. ಅದನ್ನು ತರಿಸಿ, ಬಾಲವನ್ನು ಹೊರಗೆ ತೆಗೆದು ಅವರ ಕೈಗೆ ಕೊಟ್ಟೆ.

"ಇದು ನೀವು ಕೊಟ್ಟ ತಂತಿ ಅಲ್ಲ. ಅದು ಮುರಿದುಹೋಗಿತ್ತು."

"ಮತ್ತೆ ಇದು ಎಂತ?"

"ಬಟ್ಟೆ ಒಣಗಿಸುವುದು."

ಅವರು ಎಡದ ಪಟ್ಟಿಯನ್ನು ಎತ್ತಿದರು, ಬಲದ್ದನ್ನು ಬೆರಳಿನಿಂದ ಸ್ವಲ್ಪವೇ ಒತ್ತಿ ಹಿಡಿದರು. ತಂತಿ ಬೆಲ್ಲದ ಪಾಕದ ಹಾಗೆ ತಿರುಚಿಕೊಂಡಿತು. ಬಿಟ್ಟರು. ಮತ್ತೆ ಮಾಡಿ ನೋಡಿದರು. ನಾಲ್ಕೈದು ಸಲ. ನಾನು ನೆಲದ ಟೈಲ್ಸು ಎಣಿಸುತ್ತಿದ್ದೆ.

"ಹಾಗಾದ್ರೆ ನನ್ನ ಕೈ?"

"ನಿಮ್ಮ ಕೈಗೆ ಏನೂ ಆಗಿಲ್ಲ ಉಮ್ಮರಾಕ."

ಅವರು ಎದ್ದು ನಿಂತರು. ಹೊಡೆಯುತ್ತಾರೆ ಎಂದುಕೊಂಡೆ; ಹೊಡೆದರೆ ಒಳ್ಳೆಯದಿತ್ತು. "ಎರಡು ತಿಂಗಳಿಂದ ಇವಳು ನಂಗೆ ಅರ್ಧ ಗ್ಲಾಸ್ ಚಾ ಕೊಡ್ತಾಳೆ ಮಾರಾಯ್ರೆ! ಚೆಲ್ತದೆ ಅಂತ! ನೀವು ಎದುರು ಕೂತು ಫುಲ್ ಗ್ಲಾಸ್ ಕುಡೀತೀರಿ! ನಿಮ್ಗೆ ಎಂತ, ಗಂಟಲಲ್ಲಿ ಇಳೀತಿತ್ತಾ?" ಇಳಿಯುತ್ತಿತ್ತು ಎಂಬುದೇ ನಾಚಿಕೆಯ ವಿಷಯ. ಅವರು ಒಳಗೆ ತಿರುಗಿ ತಮ್ಮ ಬ್ಯಾರಿ ಭಾಷೆಯಲ್ಲಿ ಏನೋ ಕೂಗಿದರು. ಖತೀಜಮ್ಮ ಅಂಚಿನವರೆಗೆ ತುಂಬಿದ ಗ್ಲಾಸು ತಂದರು. ಉಮ್ಮರಾಕ ನನ್ನನ್ನೇ ದುರುಗುಟ್ಟಿ ನೋಡುತ್ತ, ಒಂದು ಹನಿ ಚೆಲ್ಲದೆ, ಪೂರ್ತಿ ಕುಡಿದರು. ನನಗೆ ಅಂದು ಚಹಾ ಬರಲಿಲ್ಲ.

ಕೋಪ ಒಂದು ವಾರ ಇತ್ತು. ಸಂತೋಷ ಅದಕ್ಕಿಂತ ಜಾಸ್ತಿ ಬಾಳಿತು, ಮತ್ತು ಆ ಸಂತೋಷವನ್ನು ನನ್ನ ತಪ್ಪನ್ನು ಹೇಳದೆ ಹಂಚಿಕೊಳ್ಳುವ ದಾರಿ ಅವರಿಗಿರಲಿಲ್ಲ. ಮೀನು ಮಾರುಕಟ್ಟೆಯಲ್ಲಿ, ಔಷಧದ ಅಂಗಡಿಯಲ್ಲಿ, ಒಮ್ಮೆ ನನ್ನ ಪ್ರಿನ್ಸಿಪಾಲರ ಎದುರಿನಲ್ಲೂ "ನನ್ನ ಕೈಗೆ ಎಂತ ಇಲ್ಲ, ಇವರು ಹಾಕಿದ ತಂತಿ ಸರಿ ಇರ್ಲಿಲ್ಲ" ಎಂದು ಬೆನ್ನು ತಟ್ಟಿ ಪರಿಚಯಿಸಿದರು. ನಾನು ತಲೆಯಾಡಿಸಿದೆ. ಅವರ ಆ ಮಾತಿಗೆ ನನ್ನ ತಲೆಯಾಡಿಕೆಯೇ ಸಾಕ್ಷಿ.

ಹೊಸ ವಿಮಾನ ಈಗ ಸಿದ್ಧವಾಗಿದೆ, ಅಟ್ಟದ ಮೇಲಿನ ರಿಮೋಟೂ ಅವರ ಕೈಗೆ ಮರಳಿದೆ. ಈ ಸಲ ಎರಡು ಪಟ್ಟಿಗಳಿಗೂ ಬೇರೆ ಬೇರೆ ಮೋಟಾರು. "ನಡುವೆ ತಂತಿಯೂ ಬೇಡ, ಮಾಷ್ಟ್ರೂ ಬೇಡ" ಎಂದರು ಉಮ್ಮರಾಕ. ಕಳೆದ ಭಾನುವಾರ ಅದೇ ಪದವಿನಲ್ಲಿ ಹಾರಿಸಿದರು. ಏರಿತು, ಸುತ್ತಿತು, ಮಗುಚಿ ಮತ್ತೆ ನೆಟ್ಟಗಾಯಿತು. ಇಳಿಯುವಾಗ ಮಾತ್ರ ಸ್ವಲ್ಪ ವಾಲಿ, ಒಂದು ರೆಕ್ಕೆಯ ತುದಿ ನೆಲಕ್ಕೆ ತಾಗಿ ಬಿರುಕು ಬಿಟ್ಟಿತು. ಆ ಕ್ಷಣಕ್ಕೆ ನಾನು ವಿಮಾನ ನೋಡುತ್ತಿರಲಿಲ್ಲ, ಅವರ ಹೆಬ್ಬೆರಳನ್ನು ನೋಡುತ್ತಿದ್ದೆ. ಅದು ನಡುಗಿದ ಹಾಗೆ ನನಗೆ ಕಂಡಿತು. ಸಮುದ್ರದ ಕಡೆಯಿಂದ ಗಾಳಿಯೂ ಇತ್ತು. ನನಗೆ ಎಲ್ಲದರಲ್ಲೂ ನಡುಕ ಕಾಣುವ ಕಾಯಿಲೆಯೂ ಉಂಟು.

ಉಮ್ಮರಾಕ ತಮ್ಮ ಕೈಯನ್ನು ನೋಡಿಕೊಂಡರು. ಆಮೇಲೆ ತಟ್ಟನೆ ನನ್ನ ಕಡೆ ತಿರುಗಿದರು.

"ಮಾಷ್ಟ್ರೆ, ಕಾರಿನಿಂದ ಇಳಿಸುವಾಗ ನೀವು ಎಂತಾದ್ರೂ ಮುಟ್ಟಿದ್ರಾ?"

ನಾನು ಮುಟ್ಟಿರಲಿಲ್ಲ. ಅವರ ವಿಮಾನದಿಂದ ಮೂರು ಮಾರು ದೂರದಲ್ಲಿ ಕೈ ಕಟ್ಟಿಕೊಂಡು ನಿಲ್ಲುವುದು ಈಗ ನನ್ನ ನಿಯಮ.

"ಮುಟ್ಟಿದ್ದೆ" ಎಂದೆ.

"ನಂಗೆ ಗೊತ್ತುಂಟು!" ಎಂದು ಆ ಬಯಲಿಗೆಲ್ಲ ಕೇಳುವಂತೆ ಕೂಗಿ, ಉಮ್ಮರಾಕ ಅಲ್ಲಿಂದಲೇ ಖತೀಜಮ್ಮನಿಗೆ ಫೋನು ಮಾಡಿದರು. ಹಿಂದೆ ಬರುವಾಗ ಕಾರನ್ನು ಅವರೇ ಓಡಿಸಿದರು, ದಾರಿಯುದ್ದಕ್ಕೂ ನನ್ನನ್ನು ಬೈಯುತ್ತ, ಬಹಳ ಖುಷಿಯಲ್ಲಿ.

ಈಗಿನ ಸಂಕಟ ಬೇರೆ. ನಾನು ಮುಟ್ಟಿದ್ದು ಎಲ್ಲಿ, ಕೆಡಿಸಿದ್ದು ಏನು ಎಂದು ಅವರು ದಿನಕ್ಕೆರಡು ಸಲ ಫೋನು ಮಾಡಿ ಕೇಳುತ್ತಿದ್ದಾರೆ. ಅದು ಗೊತ್ತಾದರೆ ಸರಿ ಮಾಡಿ ಮುಂದಿನ ಭಾನುವಾರ ಹಾರಿಸಬೇಕಂತೆ. ನಾಲ್ಕು ದಿನಗಳಿಂದ ಪುಸ್ತಕ ತೆರೆದಿಟ್ಟು, ನಾನು ಮಾಡಿರಬಹುದಾದ, ನೋಡಿದವರು ನಂಬಬಹುದಾದ ಒಂದು ತಪ್ಪನ್ನು ಹುಡುಕುತ್ತಿದ್ದೇನೆ. ಜೀವಮಾನವಿಡೀ ಕೇಳದೆಯೇ ಬಂದ ತಪ್ಪುಗಳು, ಈಗ ಒಂದೇ ಒಂದು ಬೇಕೆಂದು ಕೂತರೆ, ಹತ್ತಿರವೂ ಸುಳಿಯುತ್ತಿಲ್ಲ.