ಸ್ಕೂಟರಿನ ನೆಗಡಿಗೆ ಸಣ್ಣ ಬಾಟಲಿ

ಕಾಯಿಲೆ ಮುಚ್ಚಿಡುವುದರಲ್ಲಿ ನಾನು ನಿಸ್ಸೀಮ. ನನ್ನ ಕಾಯಿಲೆಯಷ್ಟೇ ಅಲ್ಲ, ನನ್ನ ಸ್ಕೂಟರಿನದೂ. ಧಾರವಾಡದಿಂದ ಪುಣೆಗೆ ನನ್ನ ಜೊತೆ ಬಂದ ಸ್ಕೂಟರದು. ಅದರ ಮೇಲೆ ನನಗಿರುವ ಮಮತೆ ನನ್ನ ಹೆಂಡತಿ ಸುಮಂಗಲಾಗೆ ಇಲ್ಲ. ಆಕೆ ಶಾಲೆಯಲ್ಲಿ ಗಣಿತ ಕಲಿಸುವವಳು, ಯಾವ ಮಾತನ್ನೂ ಎರಡು ಸಲ ಹೇಳುವುದಿಲ್ಲ. "ಇನ್ನೊಮ್ಮೆ ಇದಕ್ಕ ಏನರ ಆತಂದ್ರ ಗುಜರಿಗೆ ಕೊಟ್ಟು ಬ್ಯಾಟರಿ ಗಾಡಿ ತಗೊಳ್ಳೋದು, ನೋಡ್ರಿ ಮತ್ತ" ಎಂದು ದೀಪಾವಳಿಗೆ ಒಂದೇ ಸಲ ಹೇಳಿದ್ದಳು.

ಮರುವಾರವೇ ನಾನು ಪಾರ್ಕಿಂಗಿನಲ್ಲಿ ಎಡಕ್ಕೆ ವಾಲಿ ನಿಂತಿದ್ದ ಸ್ಕೂಟರಿನಿಂದ ಎಂಜಿನ್ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದೆ. ತುದಿಗಷ್ಟೇ ಎಣ್ಣೆ ಹತ್ತಿತ್ತು. ಗಾಡಿ ಎಣ್ಣೆ ಕುಡಿಯತೊಡಗಿತೆಂದರೆ ಅದರ ಕಥೆ ಮುಗಿಯಿತೆಂದೇ ಲೆಕ್ಕ, ಸುಮಂಗಲಾಗೆ ಗೊತ್ತಾದರೆ ನನ್ನದೂ.

ಭೋಸರಿಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ನಾನು ಗುಮಾಸ್ತ. ಅಲ್ಲಿ ಎಣ್ಣೆ ಪೀಪಾಯಿಗಳಲ್ಲಿ ಬರುತ್ತದೆ, ನನ್ನ ಸಹಿಯಿಲ್ಲದೆ ಒಂದೂ ಒಳಗೆ ಉರುಳುವುದಿಲ್ಲ. ಅಂಥ ನಾನು ಧನಕವಡಿಯ ಶಿಂದೆಯ ಗ್ಯಾರೇಜಿನೆದುರು ಕಳ್ಳನ ಹಾಗೆ ನಿಂತು, ಅಂಗೈಯಗಲದ ಬಾಟಲಿ ಕೇಳತೊಡಗಿದೆ. "ಪೂರ್ಣ ಲಿಟರ್ ಘ್ಯಾ ನಾ, ಸಾಹೇಬ" ಎಂದು ಶಿಂದೆ ಪ್ರತಿ ಸಲವೂ ಹೇಳುತ್ತಿದ್ದ. ಪೂರ್ತಿ ಲೀಟರ್ ಯಾಕೆ ಒಯ್ಯುವುದಿಲ್ಲ ಎಂಬುದನ್ನು ಅವನಿಗೆ ಹೇಗೆ ತಿಳಿಸಲಿ? ಲೀಟರ್ ಕೊಂಡರೆ ಗಾಡಿ ರೋಗಿ ಎಂದು ಒಪ್ಪಿಕೊಂಡ ಹಾಗೆ. ಸಣ್ಣ ಬಾಟಲಿ ಕೊಂಡರೆ ಬರೀ ನೆಗಡಿ. ಮೇಲಾಗಿ ಸಣ್ಣದು ಊಟದ ಡಬ್ಬಿಯ ಚೀಲದಲ್ಲಿ ಅಡಗುತ್ತದೆ. "ಗಾಡಿ ಆಣಾ, ಬಘತೋ" ಎಂದು, ಗಾಡಿ ತಂದು ತೋರಿಸಲು ಅವನು ಕರೆದರೂ ನಾನು ಒಯ್ಯಲಿಲ್ಲ. ಡಾಕ್ಟರ ಬಳಿ ಹೋಗುವುದರಿಂದಲೇ ಕಾಯಿಲೆ ಬರುತ್ತದೆಂದು ನಂಬಿದ ವಂಶ ನಮ್ಮದು.

ಪ್ರತಿ ರವಿವಾರ ಸುಮಂಗಲಾ ತಲೆಗೆ ನೀರು ಹಾಕಿಕೊಳ್ಳುವ ಹೊತ್ತಿಗೆ ನಾನು ಕೆಳಗಿಳಿಯುತ್ತಿದ್ದೆ. ಅಡುಗೆಮನೆಯ ಆಲಿಕೆ ಮುಟ್ಟುವ ಧೈರ್ಯವಿಲ್ಲದೆ, ಕ್ಯಾಲೆಂಡರಿನ ಹಳೆಯ ಹಾಳೆ ಸುರುಳಿ ಸುತ್ತಿ, ಹಸುಗೂಸಿಗೆ ಔಷಧಿ ಕುಡಿಸುವಂತೆ ಒಂದೊಂದೇ ಗುಟುಕು ಹೊಯ್ಯುತ್ತಿದ್ದೆ. ಕಡ್ಡಿಯಲ್ಲಿ ಎಣ್ಣೆ ಮಾತ್ರ ಏರಲೊಲ್ಲದು. ನಡುವೆ ಗಾಡಿ ನೀಲಿ ಹೊಗೆ ಬಿಡತೊಡಗಿತು. ಹೊಗೆ ಕಂಡರೆ ಎಣ್ಣೆ ಸುಡುತ್ತಿದೆ ಎಂದರ್ಥ, ಸುಟ್ಟರೆ ಇನ್ನಷ್ಟು ಹೊಯ್ಯಬೇಕು. ಹೊಯ್ದೆ.

ಕೊನೆಗೊಂದು ದಿನ ಬಳಗದವರ ಗೃಹಪ್ರವೇಶಕ್ಕೆಂದು ಹೊರಟೆವು. ಹಿಂದೆ ಸುಮಂಗಲಾ, ಹೊಸ ಇಳಕಲ್ ಸೀರೆ. ಕಾತ್ರಜ ಏರಿನಲ್ಲಿ ನಮ್ಮ ಹಿಂದಿನ ರಸ್ತೆಯೇ ಮಾಯವಾಯಿತು.

"ಹಿಂದ ನೋಡ್ರಿ, ರಿಕ್ಷಾದಾವ ಕೆಮ್ಮಲಿಕ್ಕತ್ತಾನ."

"ಮಂಜು ಇರಬೇಕು."

"ಹನ್ನೊಂದು ಗಂಟೇಕ್ಕ ಮಂಜು? ತಿರುಗಿಸ್ರಿ ಗಾಡಿ. ಶಿಂದೆ ಅವರ ಕಡೆ ಬಿಟ್ಟು, ಗುಜರಿಯವರಿಗೆ ಫೋನ್ ಮಾಡೋಣು."

ಗಾಡಿ ತಿರುಗಿಸಿ ಗ್ಯಾರೇಜು ಮುಟ್ಟಿದೆವು. ನಾನು ಸೈಡ್ ಸ್ಟ್ಯಾಂಡ್ ಹಾಕಿ ಇಳಿದೆ. ಶಿಂದೆ ಅದನ್ನು ನೋಡಿ ತಲೆಯಾಡಿಸಿ, ನೆಟ್ಟಗೆ ನಿಲ್ಲಿಸಬೇಕೆಂದು ಕೈಸನ್ನೆ ಮಾಡಿದ. ನಾನು ಶೂಲೇಸು ಕಟ್ಟಿಕೊಳ್ಳಲು ಬಗ್ಗಿದೆ. ಸುಮಂಗಲಾ ನಿರಿಗೆ ಎತ್ತಿ ಹಿಡಿದು, ಒಂದೇ ಒತ್ತಿಗೆ ಗಾಡಿಯನ್ನು ನಡುವಿನ ಸ್ಟ್ಯಾಂಡಿಗೆ ಏರಿಸಿದಳು. ಶಿಂದೆ ಕಡ್ಡಿ ಎಳೆದ. ಎಣ್ಣೆ ಗುರುತನ್ನು ದಾಟಿ ಮೇಲಿನತನಕ ಹತ್ತಿತ್ತು.

"ಗಾಡಿ ತೇಲ ಪೀತ ನಾಹೀ ಸಾಹೇಬ, ತುಮ್ಹೀಚ ಪಾಜತಾಯ್!" ಎಂದ. ಗಾಡಿ ಕುಡಿಯುತ್ತಿಲ್ಲವಂತೆ, ನಾನೇ ಕುಡಿಸುತ್ತಿದ್ದೇನಂತೆ. ವಾಲಿ ನಿಂತ ಗಾಡಿಯಲ್ಲಿ ಎಣ್ಣೆಯೆಲ್ಲ ಎಡಕ್ಕೆ ಸರಿದು, ಬಲಗಡೆಯ ಕಡ್ಡಿಗೆ ಸಿಗುವುದಿಲ್ಲವಂತೆ. ಹೆಚ್ಚಿನದನ್ನು ಬಸಿದು ತೆಗೆದ. ನನ್ನ ಅಷ್ಟೂ ರವಿವಾರಗಳು ಒಂದು ಡಬ್ಬಿಯಲ್ಲಿ ಕಪ್ಪಗೆ ನಿಂತವು.

"ದೊಡ್ಡ ಸ್ಟ್ಯಾಂಡ್ ಯಾಕ ಹಾಕಿ ನೋಡಲಿಲ್ರಿ?" ಸುಮಂಗಲಾ ಕೇಳಿದಳು. ನಾನು ಇನ್ನೊಂದು ಶೂಲೇಸು ಬಿಚ್ಚಿ ಕಟ್ಟಿದೆ. ಎರಡು ವರ್ಷದಿಂದ ಆ ಗಾಡಿಯನ್ನು ಎತ್ತಿ ನಿಲ್ಲಿಸುವ ತಾಕತ್ತು ನನ್ನ ಸೊಂಟಕ್ಕಿಲ್ಲ ಎಂಬ ಸಂಗತಿಯನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಸ್ಕೂಟರು ಗುಜರಿಯಿಂದ ಪಾರಾಯಿತು, ಹೊಗೆ ನಿಂತಿತು. ಆ ಖುಷಿಯಲ್ಲಿ ಮುಂದಿನ ರವಿವಾರ ನಾನೊಬ್ಬನೇ ಕೆಳಗಿಳಿದು, ಯಾರೂ ಇಲ್ಲದ್ದನ್ನು ನೋಡಿ, ದೊಡ್ಡ ಸ್ಟ್ಯಾಂಡನ್ನು ಕಾಲಿನಿಂದ ಒತ್ತಿ ಗಾಡಿ ಎಳೆದೆ. ಗಾಡಿ ಕದಲಲಿಲ್ಲ, ಆಮೇಲೆ ನನಗೂ ಕದಲಲಾಗಲಿಲ್ಲ. ಇಬ್ಬರು ನೆರೆಯವರು ನನ್ನನ್ನು ಮೇಲೆ ಹೊತ್ತು ತಂದರು.

ಈಗ ಬೋರಲು ಮಲಗಿ ಇದನ್ನು ಬರೆಯುತ್ತಿದ್ದೇನೆ. "ಏನಿಲ್ಲ, ಸಣ್ಣ ಉಳುಕು. ನೋವಿನ ಎಣ್ಣೀದು ಒಂದು ಸಣ್ಣ ಬಾಟ್ಲಿ ತಂದ್ರ ಸಾಕು" ಎಂದೆ. ಸುಮಂಗಲಾ ಅಂಗಡಿಗೆ ಹೋಗಿಬಂದಳು. ಪೂರ್ತಿ ಲೀಟರ್ ತಂದಿದ್ದಾಳೆ.