ಆರನೇ ನಂಬರಿನ ಕಾರು ಚಾಲೂ ಆದದ್ದು

ನೋಟಿಸು ಬೋರ್ಡಿಗೆ ಬಿದ್ದದ್ದು ಶುಕ್ರವಾರ. ಕಟ್ಟಡದ ಮೂವತ್ತೆರಡು ಮನೆಯವರಲ್ಲಿ ಹೆಚ್ಚಿನವರು ಅದರ ಪಕ್ಕದಲ್ಲೇ ನಿಂತು ಲಿಫ್ಟಿಗೆ ಕಾದರು, ಓದುವ ಕಷ್ಟ ತೆಗೆದುಕೊಳ್ಳಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಬೋರ್ಡಿನ ಎದುರಿಗೇ ನೆಲಮಹಡಿಯಲ್ಲಿ ನೀಲಾವತಿಯವರ ಬಾಗಿಲು. ಹಾಲಿನ ಪಾಕೀಟು ಎತ್ತಿಕೊಳ್ಳಲು ಅವರು ಬಗ್ಗಿದಾಗ ಮೊದಲ ಎರಡು ಸಾಲು ಕಣ್ಣಿಗೆ ಬಿದ್ದರೆ ಸಾಕು, ಹಾಲು ಉಕ್ಕುವುದರೊಳಗೆ ಉಳಿದದ್ದನ್ನು ತಾವೇ ಸೇರಿಸಿ ಏಳನೇ ಮಹಡಿಯವರೆಗೆ ತಲುಪಿಸುತ್ತಿದ್ದರು.

ಮೂರನೇ ಮಹಡಿಯ ಸತ್ಯಮೂರ್ತಿಗೆ ತಲುಪಿದ ಸುದ್ದಿ ಇಷ್ಟು: ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಸೊಸೈಟಿಯ ಸೆಕ್ರೆಟರಿ ಬಂದು ಪಾರ್ಕಿಂಗಿನ ಎಂಟೂ ಕಾರುಗಳನ್ನು ಸ್ಟಾರ್ಟ್ ಮಾಡಿಸಿ ನೋಡುತ್ತಾರೆ. ಸ್ಟಾರ್ಟ್ ಆಗದ ಕಾರಿನ ನಂಬರು ಬರೆದುಕೊಳ್ಳುತ್ತಾರೆ. ಬರೆದುಕೊಂಡು ಏನು ಮಾಡುತ್ತಾರೆ ಎಂದು ಸತ್ಯಮೂರ್ತಿಯ ಹೆಂಡತಿ ವಿಮಲಾ ಕೇಳಿದ್ದಕ್ಕೆ ನೀಲಾವತಿ, "ಮಂಗಳಾರತಿ ಎತ್ತುತ್ತಾರಾ? ಜಾಗ ಕಿತ್ಕೊಂಡು ಕಾಯ್ತಾ ಇರೋರಿಗೆ ಕೊಡ್ತಾರೆ" ಎಂದಿದ್ದರು.

ಮುಂಬಯಿಯ ಗೋರೆಗಾಂವಿನಲ್ಲಿ ಮನೆ ಸಿಕ್ಕವರು ಅದೃಷ್ಟವಂತರು, ಮನೆಯ ಕೆಳಗೆ ಪಾರ್ಕಿಂಗ್ ಸಿಕ್ಕವರು ಪುಣ್ಯವಂತರು. ಆರನೇ ನಂಬರಿನ ಜಾಗಕ್ಕಾಗಿ ಸತ್ಯಮೂರ್ತಿ ಒಂಬತ್ತು ವರ್ಷ ಕಾದಿದ್ದರು. ಪಟ್ಟಿಯಲ್ಲಿ ಅವರಿಗಿಂತ ಮುಂದಿದ್ದ ಒಬ್ಬರು ಪುಣೆಗೆ ಹೋದರು, ಇನ್ನೊಬ್ಬರು ಸ್ವರ್ಗಕ್ಕೆ ಹೋದರು. ಇಬ್ಬರನ್ನೂ ಬೀಳ್ಕೊಡಲು ಸತ್ಯಮೂರ್ತಿ ಗೇಟಿನವರೆಗೆ ಬಂದಿದ್ದರು. ಈಗ ಪಟ್ಟಿಯ ತಲೆಯಲ್ಲಿ ನಿಂತಿದ್ದವರು ಮೊದಲ ಮಹಡಿಯ ಚೆನ್ನಯ, ಗ್ರಾಂಟ್ ರೋಡಿನಲ್ಲಿ ಹೋಟೆಲು ಇಟ್ಟವರು. ಅವರ ಹೊಸ ಕಾರು ಗೇಟಿನ ಹೊರಗೆ ಮರದ ಕೆಳಗೆ ನಿಲ್ಲುತ್ತಿತ್ತು. ಅದರ ಬಣ್ಣ ಕಪ್ಪೆಂದು ಚೆನ್ನಯ ಹೇಳುತ್ತಿದ್ದರು, ಬಿಳಿಯೆಂದು ಕಾಗೆಗಳು ಹೇಳುತ್ತಿದ್ದವು.

ಸತ್ಯಮೂರ್ತಿಯ ಹದಿಮೂರು ವರ್ಷದ ಕಾರು ಸಂಕ್ರಾಂತಿಯಿಂದ ಮುನಿಸಿಕೊಂಡಿತ್ತು. ಪ್ರತಿ ಭಾನುವಾರ ಕೀಲಿ ತಿರುಗಿಸಿದರೆ ಎದ್ದು, ಎರಡು ಸಲ ಕೆಮ್ಮಿ, ಮತ್ತೆ ಮಲಗುತ್ತಿತ್ತು. ಪೆಟ್ರೋಲ್ ಫಿಲ್ಟರು ಕಟ್ಟಿಕೊಂಡಿದೆ ಎಂದು ಮೆಕ್ಯಾನಿಕ್ ಫೋನಿನಲ್ಲೇ ರೋಗ ಹೇಳಿ, ಗಾಡಿ ಗ್ಯಾರೇಜಿಗೆ ತನ್ನಿ ಎಂದ. ತರುವ ಹಾಗಿದ್ದರೆ ನಿನಗೇಕೆ ಫೋನು ಮಾಡುತ್ತಿದ್ದೆ ಎಂದು ಸತ್ಯಮೂರ್ತಿ ಕೇಳಿದರು. ಹಾಗಾದರೆ ಸೋಮವಾರ ನಾನೇ ಬರುತ್ತೇನೆ ಎಂದ.

"ಸೋಮವಾರ ಬರ್ತಾನಲ್ಲ, ಸುಮ್ನಿರಿ" ಎಂದರು ವಿಮಲಾ.

"ಸೋಮವಾರ ಬಂದು ಏನು ರಿಪೇರಿ ಮಾಡ್ತಾನೆ? ಖಾಲಿ ಜಾಗಾನಾ?"

ಸತ್ಯಮೂರ್ತಿ ಅಂಧೇರಿಯ ಒಂದು ವಿಮಾ ಕಚೇರಿಯಲ್ಲಿ, ಜನ ಸಣ್ಣ ಅಕ್ಷರಗಳನ್ನು ಓದಿಲ್ಲವೆಂದು ತೋರಿಸಿ ಅವರ ಕ್ಲೇಮುಗಳನ್ನು ತಿರಸ್ಕರಿಸುವ ಕೆಲಸದಲ್ಲಿದ್ದರು. ಶನಿವಾರ ಕಚೇರಿಯಿಂದ ಬರುವಾಗ ಹೊಸ ಫಿಲ್ಟರು ತಂದರು. ಹನ್ನೊಂದು ನಿಮಿಷದ ವಿಡಿಯೋವನ್ನು ನಾಲ್ಕು ಸಲ ನೋಡಿದರು, ಪೀಠಿಕೆಯ ಎರಡು ನಿಮಿಷ ಬಿಟ್ಟು. ವಿಡಿಯೋದವನು ಇಸ್ತ್ರಿ ಮಾಡಿದ ಅಂಗಿಯಲ್ಲಿ ಕಾರಿನಡಿಗೆ ಹೋಗಿ ಅದೇ ಇಸ್ತ್ರಿಯಲ್ಲಿ ಹೊರಬಂದದ್ದು ಅವರಿಗೆ ಧೈರ್ಯ ಕೊಟ್ಟಿತು.

ಭಾನುವಾರ ಎಂಟು ಗಂಟೆಗೆ ಅವರು ಹಿಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಹಳೆಯ ಪೇಪರು ಹಾಸಿ, ಒಳಗೆ ತೆವಳಿದರು. ಹೊಟ್ಟೆಯವರೆಗೆ ಸಲೀಸಾಗಿ ಹೋದರು, ಹೊಟ್ಟೆಗೆ ಸ್ವಲ್ಪ ಸಮಯ ಹಿಡಿಯಿತು. ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ತಗಡಿನ ಡಬ್ಬಿಯಂಥ ಫಿಲ್ಟರು ಕಂಡಿತು. ಅಷ್ಟರಲ್ಲಿ ಕಾರಿನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯ ನಾಲ್ಕು ಕಾಲು, ಒಂದು ಲುಂಗಿಯ ಅಂಚು ಕಂಡವು.

"ಎಂತ ಮೂರ್ತಿಯವರೇ, ಬೆಳಿಗ್ಗೆಯೇ ಗಾಡಿಯ ಅಡಿಗೆ ಹೋಗಿದ್ದೀರಿ?"

ಚೆನ್ನಯ ಚಹಾದ ಲೋಟ ಹಿಡಿದು ಕುಳಿತಿದ್ದರು. ಹೋಟೆಲಿನ ಗಲ್ಲಾಕ್ಕೆ ಇವತ್ತು ಭಾವನನ್ನು ಕೂರಿಸಿದ್ದಾರಂತೆ. ಮುಂಬಯಿಗೆ ಬರುವ ಮೊದಲು ಉಡುಪಿಯ ಗ್ಯಾರೇಜಿನಲ್ಲಿ ಎರಡು ವರ್ಷ ಇದ್ದರಂತೆ, ಹಾಗಾಗಿ ಏನಾದರೂ ಬೇಕಿದ್ದರೆ ಕೇಳಬೇಕಂತೆ. ಕೇಳುವ ಮೊದಲೇ ಹೇಳಿದರು: ಪಂಪಿನ ಫ್ಯೂಸು ತೆಗೆದು ಇಂಜಿನ್ ಒಂದು ಸಲ ಓಡಿಸಿ, ತಾನಾಗಿ ನಿಲ್ಲಲಿ, ಪೈಪಿನ ಒತ್ತಡ ಇಳಿಯುತ್ತದೆ, ಆಮೇಲೆ ಬಿಚ್ಚಿ.

ಸತ್ಯಮೂರ್ತಿ ಅಂಗಾತ ಮಲಗಿಯೇ ಯೋಚಿಸಿದರು. ಕ್ಲೇಮು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕಳೆದವನಿಗೆ ಮೊದಲು ಹೊಳೆಯುವ ಪ್ರಶ್ನೆ, ಇದರಿಂದ ಹೇಳುವವನಿಗೆ ಏನು ಲಾಭ ಎಂಬುದು. ಕಾರು ಚಾಲೂ ಆಗದಿದ್ದರೆ ಜಾಗ ಸಿಗುವುದು ಈ ಚೆನ್ನಯನಿಗೆ. ಅಂದಮೇಲೆ ಅವರು ಹೇಳಿದ್ದನ್ನು ಬಿಟ್ಟು ಬೇರೆ ಏನು ಮಾಡಿದರೂ ಸರಿಯಾದೀತು. "ಆಯ್ತು ಸಾರ್" ಎಂದು, ಫ್ಯೂಸಿನ ಗೋಜಿಗೆ ಹೋಗದೆ ಪೈಪು ಹಿಡಿದು ಜಗ್ಗಿದರು.

ಪೆಟ್ರೋಲು ಪಿಚಕಾರಿಯ ಹಾಗೆ ಹಾರಿ ತೋಳಿನೊಳಗೆ ನುಗ್ಗಿ, ಕಂಕುಳನ್ನು ದಾಟಿ, ಬನಿಯನ್ನಿನಲ್ಲಿ ವಿಶ್ರಮಿಸಿತು. ಪೈಪನ್ನು ಹಿಡಿದಿದ್ದ ಕ್ಲಿಪ್ಪು ಎಲ್ಲಿಗೋ ಸಿಡಿಯಿತು.

"ಹಾಗೆ ಜಗ್ಗುವುದಲ್ಲ, ಕ್ಲಿಪ್ಪಿನ ಎರಡೂ ಕಿವಿ ಒತ್ತಿ ಎಳೆಯಬೇಕು" ಎಂದರು ಚೆನ್ನಯ, ಕುರ್ಚಿಯನ್ನು ನಾಲ್ಕಡಿ ಹಿಂದಕ್ಕೆ ಸರಿಸಿ.

ವಾಸನೆ ಮೆಟ್ಟಿಲು ಹತ್ತಿತು. ನೀಲಾವತಿ ಮೂಗಿಗೆ ಸೆರಗು ಹಿಡಿದು ಹೊರಬಂದರು. ಐದೇ ನಿಮಿಷದಲ್ಲಿ, ಯಾರೂ ಗ್ಯಾಸು ಹಚ್ಚಬಾರದು, ಕಡ್ಡಿ ಗೀರಬಾರದು, ಹಚ್ಚಿದರೆ ಬಿಲ್ಡಿಂಗೇ ಹಾರಿಹೋಗುತ್ತದೆ ಎಂಬ ಆಜ್ಞೆ ಏಳೂ ಮಹಡಿಗೆ ಹೋಯಿತು. ಭಾನುವಾರದ ಬೆಳಗ್ಗೆ ಮೂವತ್ತೆರಡು ಅಡುಗೆಮನೆಗಳು ಆರಿದವು. ದೋಸೆ ಹಿಟ್ಟು ಪಾತ್ರೆಯಲ್ಲೇ ಉಬ್ಬಿತು. ನೀಲಾವತಿಯವರ ಮನೆಯಲ್ಲಿ ಪೂಜೆ ಅರ್ಧಕ್ಕೆ ನಿಂತಿತ್ತು. ದೇವರಿಗೆ ಹೂವೇರಿತ್ತು, ನೈವೇದ್ಯ ಮುಂದಿತ್ತು, ಆರತಿ ಮಾತ್ರ ಸತ್ಯಮೂರ್ತಿಯ ಅನುಮತಿಗಾಗಿ ಕಾಯುತ್ತಿತ್ತು. ಕಿಟಕಿಗಳಿಂದ ಹಸಿದ ಮುಖಗಳು ಹಿಂದಿಯಲ್ಲಿ, ಮರಾಠಿಯಲ್ಲಿ, ಗುಜರಾತಿಯಲ್ಲಿ ಎಷ್ಟು ಹೊತ್ತು ಎಂದು ಕೇಳಿದವು. ಉತ್ತರವಾಗಿ ಕಾರಿನಡಿಯಿಂದ ಎರಡು ಕಾಲು ಅಲುಗಾಡಿದವು.

ಸಿಡಿದ ಕ್ಲಿಪ್ಪು ನೀಲಾವತಿಯವರ ತುಳಸಿಯ ಬುಡದಲ್ಲಿ ಸಿಕ್ಕಿತು. ಹಳೆಯ ಫಿಲ್ಟರು ಕಳಚಿ ಹೊಸದನ್ನು ಕೈಗೆತ್ತಿಕೊಂಡಾಗ ಗಂಟೆ ಹನ್ನೊಂದು. ಫಿಲ್ಟರಿನ ಮೇಲೆ ಒಂದು ಬಾಣದ ಗುರುತಿತ್ತು.

"ಬಾಣ ಇಂಜಿನ್ನಿನ ಕಡೆಗೆ ಇರಲಿ" ಎಂದರು ಚೆನ್ನಯ.

ಸತ್ಯಮೂರ್ತಿ ಬಾಣವನ್ನು ಟ್ಯಾಂಕಿನ ಕಡೆಗೆ ತಿರುಗಿಸಿ ಜೋಡಿಸಿದರು. ತೆವಳಿ ಹೊರಬಂದು ಕೀಲಿ ತಿರುಗಿಸಿದರು. ಇಷ್ಟು ದಿನ ಎರಡು ಸಲ ಕೆಮ್ಮುತ್ತಿದ್ದ ಕಾರು ಈಗ ಒಂದೇ ಸಲ ಕೆಮ್ಮಿ ಮಲಗಿತು.

ಮೇಲೆ ವಿಮಲಾ ಕಿಟಕಿಯನ್ನು ಧಡಾರನೆ ಮುಚ್ಚಿದರು.

ಚೆನ್ನಯ ಕುರ್ಚಿಯಿಂದ ಎದ್ದು ಹತ್ತಿರ ಬಂದರು. "ಬಾಣ ಯಾವ ಕಡೆಗೆ ಉಂಟು?" ಎಂದು ಮೆಲ್ಲಗೆ ಕೇಳಿದರು. ಸತ್ಯಮೂರ್ತಿ ತಲೆ ತಗ್ಗಿಸಿದರು.

"ನಿಮಗೆ ನನ್ನ ಮೇಲೆ ಸಂಶಯ. ಅದು ನನಗೆ ಗೊತ್ತುಂಟು" ಎಂದರು ಚೆನ್ನಯ. "ನೋಡಿ ಮಾರಾಯ್ರೆ, ನನ್ನ ಹೋಟೆಲಿನ ಆಣೆ ಹಾಕಿ ಹೇಳ್ತೇನೆ. ಇವತ್ತು ನಿಮ್ಮ ಗಾಡಿ ಚಾಲೂ ಆಗ್ಬೇಕು ಅಂತ ನಿಮಗೆ ಎಷ್ಟು ಆಸೆ ಉಂಟೋ, ಅದಕ್ಕಿಂತ ಒಂದು ತೂಕ ಹೆಚ್ಚೇ ನನಗೆ ಉಂಟು."

ಹಾಗೆಂದವರೇ ವಾಚು ಕಳಚಿ ಸತ್ಯಮೂರ್ತಿಯ ಕೈಗಿತ್ತು, ಲುಂಗಿ ಎತ್ತಿ ಕಟ್ಟಿ, ಫ್ಯೂಸು ತೆಗೆದು ಒತ್ತಡ ಇಳಿಸಿ, ಬಿಳಿ ಅಂಗಿಯಲ್ಲೇ ಕಾರಿನಡಿಗೆ ಹೋದರು. ಹನ್ನೆರಡು ನಿಮಿಷದಲ್ಲಿ ಹೊರಬಂದರು. ಅಂಗಿಯ ಬೆನ್ನ ಮೇಲೆ ಹಳೆಯ ಪೇಪರಿನ ರಾಶಿಭವಿಷ್ಯ ಅಚ್ಚಾಗಿತ್ತು. ಸತ್ಯಮೂರ್ತಿಯ ಕಣ್ಣು ತುಂಬಿತು. ಅರ್ಧ ಪೆಟ್ರೋಲಿನಿಂದ, ಅರ್ಧ ನಾಚಿಕೆಯಿಂದ. ಇಂಥ ಮನುಷ್ಯನನ್ನು ಅನುಮಾನಿಸಿದೆನಲ್ಲ ಎಂದು ಅವರ ಕೈ ಹಿಡಿದುಕೊಂಡರು.

ಸರಿಯಾಗಿ ಹನ್ನೆರಡಕ್ಕೆ ಸೆಕ್ರೆಟರಿ ಅಣವೀರಪ್ಪ ಫೈಲು ಹಿಡಿದು ಬಂದರು. ರೈಲ್ವೆಯಲ್ಲಿ ಗಾರ್ಡಾಗಿ ನಿವೃತ್ತರಾದವರು, ಈಗಲೂ ವಾಚು ನೋಡದೆ ಹೆಜ್ಜೆ ಇಡುತ್ತಿರಲಿಲ್ಲ. ಒಂದರಿಂದ ಐದು ಚಾಲೂ, ಏಳೂ ಎಂಟೂ ಚಾಲೂ. ಆರನ್ನು ಕೊನೆಗಿಟ್ಟಿದ್ದರು. ಮೆಟ್ಟಿಲ ತುಂಬ ಹಸಿದ ಜನ. ಸತ್ಯಮೂರ್ತಿ ಕೀಲಿಯನ್ನು ಎರಡು ಸಲ ಅರ್ಧಕ್ಕೆ ತಿರುಗಿಸಿ ಬಿಟ್ಟರು, ಚೆನ್ನಯ ಹೇಳಿಕೊಟ್ಟ ಹಾಗೆ. ಮೂರನೇ ಸಲ ಪೂರ್ತಿ ತಿರುಗಿಸಿದರು.

ಕಾರು ಕೆಮ್ಮಲಿಲ್ಲ. ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತ ನಿಂತಿತು. ಜನ ಚಪ್ಪಾಳೆ ತಟ್ಟಿದರು. ವಾಸನೆ ಹೋಗಿದೆ ಎಂದು ಚೆನ್ನಯ ಸಾರಿದ್ದೇ ತಡ, ನೀಲಾವತಿಯವರ ಮನೆಯಲ್ಲಿ ಆರತಿಯ ಗಂಟೆ ಮೊಳಗಿತು, ಮೇಲಿನ ಮಹಡಿಗಳಲ್ಲಿ ಒಂದೊಂದಾಗಿ ಕುಕ್ಕರುಗಳು ಕೂಗತೊಡಗಿದವು.

"ಆರನೇ ನಂಬರ, ಚಾಲೂ" ಎಂದು ಅಣವೀರಪ್ಪ ಬರೆದುಕೊಂಡು ಸಹಿ ಹಾಕಿಸಿಕೊಂಡರು. "ಎಂಟಕ್ಕ ಎಂಟೂ ಚಾಲೂ. ಛಲೋ ಆತ್ರಿ, ನಂದೊಂದು ತಲಿಬ್ಯಾನಿ ಕಡಿಮಿ ಆತು."

"ಹಾಗಾದ್ರೆ ನನ್ನ ಜಾಗ ನನಗೇ ಅಲ್ವಾ ಸಾರ್?"

"ಜಾಗ ಎಲ್ಲೈತ್ರಿ ಮೂರ್ತಿಯವರ? ನಾಳೆಯಿಂದ ಈ ನೆಲಾನ ಒಡೀತೀವಲ್ಲ."

ಪಾರ್ಕಿಂಗಿನ ಅಡಿಯಲ್ಲಿರುವ ನೀರಿನ ಟ್ಯಾಂಕು ಸೋರುತ್ತಿದೆ, ದಸರೆಯವರೆಗೆ ಕೆಲಸ ನಡೆಯುತ್ತದೆ ಎಂದು ಅಣವೀರಪ್ಪ ವಿವರಿಸಿದರು. ಓಡುವ ಕಾರುಗಳೆಲ್ಲ ಅಲ್ಲಿಯವರೆಗೆ ಹೊರಗೆ ರಸ್ತೆಯಲ್ಲಿ. ಮಳೆಗಾಲದಲ್ಲಿ ನೀರು ಏರಿದರೆ ಅವರವರ ಜವಾಬ್ದಾರಿ. ಓಡದ ಕಾರನ್ನು ರಸ್ತೆಯಲ್ಲಿ ಬಿಟ್ಟರೆ ಮುನಸಿಪಾಲ್ಟಿಯವರು ಬೇವಾರ್ಸಿ ಮಾಲು ಎಂದು ಎತ್ತಿಕೊಂಡು ಹೋಗುತ್ತಾರೆ. ಹಾಗಾಗಿ ಅಂಥದ್ದು ಯಾವುದಾದರೂ ಇದ್ದರೆ ಪಂಪ್ ಕೋಣೆಯ ಪಕ್ಕ, ಛಾವಣಿಯ ಕೆಳಗೆ, ಸೊಸೈಟಿಯೇ ತಳ್ಳಿಸಿ ಇಡಬೇಕಿತ್ತು. ಅಲ್ಲಿರುವುದು ಒಂದೇ ಕಾರಿನ ಜಾಗ.

"ಈಗ ಓಡದ ಕಾರು ಒಂದೂ ಇಲ್ಲ. ಹಂಗಾಗಿ ಆ ಜಾಗ ವೇಟಿಂಗ್ ಲಿಸ್ಟಿನ ಮೊದಲನೇದವರಿಗೆ. ಎಲ್ಲಾ ನೋಟಿಸಿನ್ಯಾಗ ಬರದೀನಲ್ರಿ, ಓದಿಲ್ಲೇನು? ಚೆನ್ನಯಾರು ಶುಕ್ರವಾರನ ಓದಿ ಅರ್ಜಿ ಕೊಟ್ಟಾರ."

ಸತ್ಯಮೂರ್ತಿ ಹಿಂತಿರುಗಿ ನೋಡಿದರು. ಪ್ಲಾಸ್ಟಿಕ್ ಕುರ್ಚಿ ಖಾಲಿಯಿತ್ತು. ಗೇಟಿನ ಬಳಿ ವಾಚ್‌ಮನ್ ಎರಡೂ ಬಾಗಿಲು ಅಗಲವಾಗಿ ತೆರೆಯುತ್ತಿದ್ದ, ಮರದಡಿಯ ಕಾರು ನಿಧಾನವಾಗಿ ಮೂಗು ಒಳಗೆ ಹಾಕುತ್ತಿತ್ತು.

ಸತ್ಯಮೂರ್ತಿ ಥಟ್ಟನೆ ಕೈಚಾಚಿ ತಮ್ಮ ಇಂಜಿನ್ ಆರಿಸಿದರು.

"ಸಾರ್, ಒಂದು ನಿಮಿಷ. ಇನ್ನೊಂದು ಸಲ ಪರೀಕ್ಷೆ ಮಾಡಿಬಿಡಿ. ಈ ಗಾಡೀನ ನಂಬೋ ಹಾಗಿಲ್ಲ. ಒಂದ್ಸಲ ಆಗುತ್ತೆ, ಇನ್ನೊಂದ್ಸಲ ಕೈ ಕೊಡುತ್ತೆ. ನಾಲ್ಕು ತಿಂಗಳಿಂದ ಹೀಗೇ."

ನಿಯಮದ ಮನುಷ್ಯ ಅಣವೀರಪ್ಪ ವಾಚು ನೋಡಿ, ಪರೀಕ್ಷೆ ಟೈಮ್ ಮುಗಿಯಾಕ ಇನ್ನೂ ಎರಡು ನಿಮಿಷ ಐತಿ, ಮಾಡ್ರಿ ಎಂದು ಪೆನ್ನು ಹೊರತೆಗೆದರು. ಸತ್ಯಮೂರ್ತಿ ಕಣ್ಣು ಮುಚ್ಚಿ, ಮೈಸೂರಿನಲ್ಲಿ ಬಿಟ್ಟುಬಂದಿದ್ದ ಮನೆದೇವರನ್ನು ಬಹಳ ವರ್ಷಗಳ ಮೇಲೆ ನೆನೆದು, ಇದೊಂದು ಸಲ ಕೆಡಿಸಿಬಿಡು ತಂದೆ ಎಂದು ಬೇಡಿಕೊಂಡು, ಕೀಲಿಯನ್ನು ಆದಷ್ಟು ಒಲ್ಲದ ಮನಸ್ಸಿನಿಂದ ಮುಟ್ಟಿದರು.

ಕಾರು ಅರ್ಧ ತಿರುವಿಗೇ ಸ್ಟಾರ್ಟ್ ಆಯಿತು.